ಎಲ್‌ಡಿಎಲ್ 71ಕ್ಕೆ ಇಳಿದಿದೆ. ಆದರೂ ಮಾತ್ರೆ ಹೆಚ್ಚಿಸಿದ್ದಾರೆ, ಇದು ಅಗತ್ಯವೇ?

ಮಲ್ಲೇಶ್ವರದ ಓದುಗ ಕೇಳಿದ ಪ್ರಶ್ನೆ

ನಮ್ಮ ತಂದೆಯವರಿಗೆ 62 ವರ್ಷ. ಕಳೆದ ವರ್ಷ ಎದೆನೋವು ಕಾಣಿಸಿಕೊಂಡು ಆಂಜಿಯೋಗ್ರಾಂ ಮಾಡಿಸಿದಾಗ ಹೃದಯದ ಒಂದು ರಕ್ತನಾಳದಲ್ಲಿ ತೀವ್ರ ತಡೆ ಇರುವುದು ತಿಳಿದು, ಅಲ್ಲಿಗೆ ಸ್ಟೆಂಟ್ ಅಳವಡಿಸಿದರು. ಆಗ ಅವರ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಎನ್ನುತ್ತಾರಲ್ಲ ಅದು, ಡೆಸಿಲೀಟರಿಗೆ 148 ಮಿಲಿಗ್ರಾಂ ಇತ್ತು. ಅಟೋರ್ವಾಸ್ಟ್ಯಾಟಿನ್ 40 ಮಿಲಿಗ್ರಾಂ ಮಾತ್ರೆ ಆರಂಭಿಸಿದ ಮೇಲೆ ಅದು 71ಕ್ಕೆ ಇಳಿದಿದೆ. ಮೊನ್ನೆ ತೋರಿಸಲು ಹೋದಾಗ ವೈದ್ಯರು ಇಷ್ಟು ಇಳಿದರೆ ಸಾಲದು ಎಂದು ಎಝೆಟಿಮೈಬ್ ಎಂಬ ಇನ್ನೊಂದು ಮಾತ್ರೆಯನ್ನು ಸೇರಿಸಿದ್ದಾರೆ.

ತಂದೆಯವರು ಇದಕ್ಕೆ ಒಪ್ಪುತ್ತಿಲ್ಲ. ಲ್ಯಾಬ್ ವರದಿಯಲ್ಲಿ 100ಕ್ಕಿಂತ ಕಡಿಮೆ ಇದ್ದರೆ ಸರಿ ಎಂದು ಅಚ್ಚಾಗಿರುವಾಗ, 71 ಬಂದವರಿಗೆ ಮಾತ್ರೆ ನಿಲ್ಲಿಸಬೇಕೇ ಹೊರತು ಹೆಚ್ಚಿಸುವುದೇಕೆ ಎಂಬುದು ಅವರ ವಾದ. ಸ್ಯಾಂಕಿ ಕೆರೆಯ ಸುತ್ತ ಅವರೊಂದಿಗೆ ಬೆಳಗಿನ ವಾಯುವಿಹಾರಕ್ಕೆ ಬರುವ ಗೆಳೆಯರಲ್ಲಿ ಒಬ್ಬರು ಕೊಲೆಸ್ಟ್ರಾಲ್ ಎಂಬುದೇ ಔಷಧ ಕಂಪನಿಗಳು ಹುಟ್ಟಿಸಿದ ಭಯ ಎನ್ನುತ್ತಾರಂತೆ. ಇನ್ನೊಬ್ಬರು ಗಾಣದ ಎಣ್ಣೆಗೆ ಬದಲಾಯಿಸಿದರೆ ಮಾತ್ರೆಯ ಗೊಡವೆಯೇ ಬೇಡ ಎನ್ನುತ್ತಾರಂತೆ. ವೈದ್ಯರ ಬಳಿ ಕೇಳೋಣವೆಂದರೆ ನಮ್ಮ ಸರದಿ ಬರುವಷ್ಟರಲ್ಲಿ ಹೊರಗೆ ನಲವತ್ತು ಜನ ಕಾಯುತ್ತಿರುತ್ತಾರೆ.

ನನಗೆ ತಿಳಿಯಬೇಕಾಗಿರುವುದು ಇಷ್ಟು. ರಕ್ತದಲ್ಲಿರುವ ಕೊಲೆಸ್ಟ್ರಾಲ್ ರಕ್ತನಾಳಕ್ಕೆ ನಿಜವಾಗಿ ಏನು ಮಾಡುತ್ತದೆ? ಈ ಮಾತ್ರೆಗಳು ಈಗಾಗಲೇ ಕಟ್ಟಿಕೊಂಡಿರುವುದನ್ನು ಕರಗಿಸುತ್ತವೆಯೇ? ಸ್ಟೆಂಟ್ ಹಾಕಿ ದಾರಿ ತೆರೆದ ಮೇಲೂ ಜೀವನಪರ್ಯಂತ ಅವನ್ನು ನುಂಗಬೇಕೆಂದರೆ ಅದರ ಹಿಂದಿನ ತರ್ಕವೇನು? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ. ತಂದೆಯವರಿಗೆ ಓದಿ ಹೇಳುತ್ತೇನೆ.

ಜಯನಗರದ ಒಬ್ಬ ವೈದ್ಯ

ನಿಮ್ಮ ತಂದೆಯವರ ವಾದ ತಪ್ಪು ಎನ್ನುವುದಕ್ಕಿಂತ, ಅದು ನಿಂತಿರುವ ಚಿತ್ರವೇ ತಪ್ಪು ಎನ್ನಬೇಕು. ರಕ್ತನಾಳವೆಂದರೆ ಕಾವೇರಿ ನೀರಿನ ಪೈಪು, ಕೊಲೆಸ್ಟ್ರಾಲ್ ಅದರ ಒಳಗೋಡೆಗೆ ಅಂಟುವ ಪಾಚಿ, ಸ್ಟೆಂಟ್ ಹಾಕಿದರೆ ಪೈಪು ಶುದ್ಧವಾಯಿತು ಎಂದು ಬಹುತೇಕ ರೋಗಿಗಳು ಭಾವಿಸಿರುತ್ತಾರೆ. ಆದರೆ ಈ ರೋಗ ಇರುವುದು ರಕ್ತ ಹರಿಯುವ ದಾರಿಯಲ್ಲಲ್ಲ, ಗೋಡೆಯ ಒಳಗೆ. ಇದೊಂದು ಮಾತು ಮನಸ್ಸಿಗೆ ಬಂದರೆ ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ಸುಲಭವಾಗುತ್ತದೆ.

ಕೊಲೆಸ್ಟ್ರಾಲ್ ಇಲ್ಲದೆ ಜೀವಕೋಶಗಳ ಪೊರೆಯಾಗಲಿ, ಪಿತ್ತರಸವಾಗಲಿ, ಅನೇಕ ಹಾರ್ಮೋನುಗಳಾಗಲಿ ಆಗುವುದಿಲ್ಲ. ಹಾಗಾಗಿ ಅದು ವಿಷವಲ್ಲ. ಆದರೆ ಅದು ನೀರಿನಲ್ಲಿ ಕರಗದ ವಸ್ತುವಾದ್ದರಿಂದ ಯಕೃತ್ತು ಅದನ್ನು ಪ್ರೋಟೀನಿನ ಕವಚವಿರುವ ಸೂಕ್ಷ್ಮ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ಎಲ್‌ಡಿಎಲ್ ಎಂಬುದು ಇಂಥ ಒಂದು ಕಣ. ಅದರ ವ್ಯಾಸ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗದ ಇಪ್ಪತ್ತು–ಇಪ್ಪತ್ತೈದು ಪಟ್ಟು ಮಾತ್ರ ಇರುವುದರಿಂದ, ಅಪಧಮನಿಯ ಒಳಪದರವಾದ ಎಂಡೋಥೀಲಿಯಂ ಅನ್ನು ಅದು ದಾಟಿ ಗೋಡೆಯೊಳಕ್ಕೆ ಹೋಗಬಲ್ಲದು. ಹೋದ ಕಣಗಳಲ್ಲಿ ಹೆಚ್ಚಿನವು ಹಿಂದಿರುಗುತ್ತವೆ. ಕೆಲವು ಮಾತ್ರ ಗೋಡೆಯೊಳಗಿನ ಪ್ರೋಟಿಯೋಗ್ಲೈಕನ್ ಎಂಬ ಎಳೆಗಳಿಗೆ ಸಿಕ್ಕಿಕೊಂಡು ಅಲ್ಲಿಯೇ ಉಳಿಯುತ್ತವೆ. ಹೀಗೆ ಉಳಿಯುವ ಕಣಗಳ ಸಂಖ್ಯೆ ಎರಡು ಸಂಗತಿಗಳನ್ನು ಅವಲಂಬಿಸಿದೆ: ರಕ್ತದಲ್ಲಿ ಎಷ್ಟು ಕಣಗಳಿವೆ, ಮತ್ತು ಎಷ್ಟು ವರ್ಷಗಳಿಂದ ಇವೆ. ರಕ್ತದೊತ್ತಡ, ಧೂಮಪಾನ ಮತ್ತು ಸಕ್ಕರೆ ಕಾಯಿಲೆ ಒಳಪದರವನ್ನು ಕೆಡಿಸಿ ಈ ಪ್ರವೇಶವನ್ನು ಸುಲಭಗೊಳಿಸುತ್ತವೆ. ರಕ್ತನಾಳ ಕವಲೊಡೆಯುವ ಜಾಗಗಳಲ್ಲಿ ಹರಿವು ಅಸ್ತವ್ಯಸ್ತವಾಗುವುದರಿಂದ ರೋಗ ಮೊದಲು ಕಾಣಿಸುವುದೂ ಅಲ್ಲಿಯೇ.

ಸಿಕ್ಕಿಕೊಂಡ ಕಣಗಳು ಕಾಲಕ್ರಮೇಣ ಆಕ್ಸಿಡೀಕರಣಗೊಂಡಾಗ ಶರೀರ ಅವನ್ನು ಪರಕೀಯವೆಂದು ಬಗೆಯುತ್ತದೆ. ರಕ್ತದ ಬಿಳಿಕಣಗಳು ಗೋಡೆಯೊಳಕ್ಕೆ ಬಂದು, ಮ್ಯಾಕ್ರೋಫೇಜ್‌ಗಳಾಗಿ ಮಾರ್ಪಟ್ಟು, ಈ ಕಣಗಳನ್ನು ಮಿತಿಯಿಲ್ಲದೆ ನುಂಗುತ್ತವೆ. ಕೊಬ್ಬು ತುಂಬಿ ಊದಿಕೊಂಡ ಆ ಕೋಶಗಳು ಸೂಕ್ಷ್ಮದರ್ಶಕದಲ್ಲಿ ನೊರೆಯಂತೆ ಕಾಣುವುದರಿಂದ ಅವಕ್ಕೆ ನೊರೆಕೋಶಗಳೆಂದೇ ಹೆಸರು. ಅವು ಸತ್ತಾಗ ಒಳಗಿನ ಕೊಬ್ಬು ಹೊರಚೆಲ್ಲಿ ಒಂದು ಮೆತ್ತನೆಯ ತಿರುಳಾಗುತ್ತದೆ. ಅದನ್ನು ಮುಚ್ಚಲು ಸ್ನಾಯುಕೋಶಗಳು ಮೇಲೊಂದು ನಾರಿನ ಮುಚ್ಚಳವನ್ನು ಹೆಣೆಯುತ್ತವೆ. ಇದೇ ಪ್ಲಾಕ್. ಇದು ಅರವತ್ತರ ನಂತರ ಶುರುವಾಗುವ ಕ್ರಿಯೆಯೂ ಅಲ್ಲ. ಕೊರಿಯಾ ಯುದ್ಧದಲ್ಲಿ ಮಡಿದ ಅಮೆರಿಕದ ಸೈನಿಕರ ಹೃದಯಗಳನ್ನು ಪರೀಕ್ಷಿಸಿ 1953ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸರಾಸರಿ 22 ವರ್ಷದ ಆ ಯುವಕರ ಪೈಕಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿಯ ಹೃದಯದ ರಕ್ತನಾಳಗಳಲ್ಲಿ ಒಂದಲ್ಲ ಒಂದು ಮಟ್ಟದ ರೋಗ ಕಂಡುಬಂದಿತ್ತು.

ಪ್ಲಾಕ್ ಬೆಳೆಯುವಾಗ ಆರಂಭದಲ್ಲಿ ರಕ್ತನಾಳ ಹೊರಕ್ಕೆ ಹಿಗ್ಗಿ ಜಾಗ ಮಾಡಿಕೊಡುತ್ತದೆ. ಗ್ಲಾಗೋವ್ ಎಂಬ ರೋಗಶಾಸ್ತ್ರಜ್ಞರು ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ತೋರಿಸಿದಂತೆ, ರಕ್ತನಾಳದ ವಿಸ್ತೀರ್ಣದ ಸುಮಾರು ಶೇಕಡ 40ರಷ್ಟನ್ನು ಪ್ಲಾಕ್ ಆಕ್ರಮಿಸುವವರೆಗೂ ಒಳದಾರಿ ಕಿರಿದಾಗುವುದಿಲ್ಲ. ಆಂಜಿಯೋಗ್ರಾಂನಲ್ಲಿ ಕಾಣುವುದು ಒಳದಾರಿಯ ನೆರಳು ಮಾತ್ರ. ಟ್ರೆಡ್‌ಮಿಲ್ ಪರೀಕ್ಷೆ ಚೆನ್ನಾಗಿ ಬಂದವರಿಗೆ ಕೆಲವೇ ತಿಂಗಳಲ್ಲಿ ಹೃದಯಾಘಾತವಾದ ಸುದ್ದಿ ಕೇಳಿ ಜನ ಬೆರಗಾಗುತ್ತಾರೆ. ಅದರ ಕಾರಣ ಇಲ್ಲಿದೆ. ಬಹಳಷ್ಟು ಹೃದಯಾಘಾತಗಳು ದಾರಿ ಪೂರ್ತಿ ಕಿರಿದಾಗಿ ಆಗುವಂಥವಲ್ಲ. ಅಷ್ಟೇನೂ ದೊಡ್ಡದಲ್ಲದ ಒಂದು ಪ್ಲಾಕಿನ ತೆಳುವಾದ ಮುಚ್ಚಳ ಬಿರಿದು, ಒಳಗಿನ ತಿರುಳಿಗೆ ರಕ್ತ ತಗುಲಿ, ನಿಮಿಷಗಳಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುವುದರಿಂದ ಆಗುವಂಥವು.

ಹಾಗಾದರೆ ಸ್ಟೆಂಟ್ ಮಾಡಿದ್ದೇನು? ಒಂದು ಜಾಗದಲ್ಲಿ ಒಂದೆರಡು ಸೆಂಟಿಮೀಟರ್ ಉದ್ದಕ್ಕೆ ದಾರಿಯನ್ನು ಅಗಲಿಸಿತು, ಅಷ್ಟೆ. ಉಳಿದ ಗೋಡೆಯಲ್ಲೆಲ್ಲ ರೋಗ ಹಾಗೆಯೇ ಇದೆ. ಲ್ಯಾಬಿನವರು ಅಚ್ಚು ಹಾಕಿರುವ 100 ಎಂಬ ಸಂಖ್ಯೆ ಇಂಥ ರೋಗವಿಲ್ಲದವರಿಗೆ ಅನ್ವಯಿಸುವುದು. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಈಗಾಗಲೇ ಹೃದಯದ ರಕ್ತನಾಳದ ರೋಗ ಇರುವವರ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕು. ಪ್ರತಿಯೊಬ್ಬ ರೋಗಿಯ ಗುರಿ ಬೇರೆಯಾಗಿರುವಾಗ ಎಲ್ಲರ ವರದಿಯ ಮೇಲೂ ಒಂದೇ ಮಿತಿಯನ್ನು ಮುದ್ರಿಸುವ ಪದ್ಧತಿಯಿಂದ ನಮ್ಮ ಊರಿನಲ್ಲಿ ಎಷ್ಟು ಜನ ಮಾತ್ರೆ ಬಿಟ್ಟಿದ್ದಾರೋ!

ಔಷಧ ವಿಜ್ಞಾನದ ಅಧ್ಯಾಪಕಿ

ಮೇಲಿನ ವೈದ್ಯರು ಗೋಡೆಯ ಕಥೆ ಹೇಳಿದ್ದಾರೆ. ಮಾತ್ರೆಯ ಕಥೆಯನ್ನು ನಾನು ಹೇಳುತ್ತೇನೆ. ನಿಮ್ಮ ತಂದೆಯವರ ಅಟೋರ್ವಾಸ್ಟ್ಯಾಟಿನ್ ಸೇರಿರುವುದು ಸ್ಟ್ಯಾಟಿನ್ ಎಂಬ ಔಷಧಗಳ ಗುಂಪಿಗೆ. ಸ್ಟ್ಯಾಟಿನ್ ಕೆಲಸ ಮಾಡುವುದು ಮುಖ್ಯವಾಗಿ ಯಕೃತ್ತಿನಲ್ಲಿ. ಅದು ರಕ್ತನಾಳಕ್ಕೆ ಹೋಗಿ ಏನನ್ನೂ ಕೆರೆದು ತೆಗೆಯುವುದಿಲ್ಲ.

ಯಕೃತ್ತಿನ ಕೋಶಗಳಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದು ಹಲವು ಹಂತಗಳ ಒಂದು ಸರಣಿಯಲ್ಲಿ. ಆ ಸರಣಿಯ ವೇಗವನ್ನು ನಿರ್ಧರಿಸುವ ಕಿಣ್ವದ ಹೆಸರು ಎಚ್‌ಎಂಜಿ-ಕೋಎ ರಿಡಕ್ಟೇಸ್. ಸ್ಟ್ಯಾಟಿನ್ ಅದನ್ನು ತಡೆಯುತ್ತದೆ. ಕೋಶದೊಳಗೆ ಕೊಲೆಸ್ಟ್ರಾಲ್ ಕಡಿಮೆಯಾದುದನ್ನು ಗ್ರಹಿಸಿದ ಕೂಡಲೇ ಯಕೃತ್ತು ತನ್ನ ಹೊರಮೈಯಲ್ಲಿ ಎಲ್‌ಡಿಎಲ್ ಗ್ರಾಹಕಗಳನ್ನು ಹೆಚ್ಚಿಸಿಕೊಂಡು, ರಕ್ತದಲ್ಲಿ ತಿರುಗುತ್ತಿರುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುತ್ತದೆ. ಉತ್ಪಾದನೆ ತಗ್ಗುವುದಕ್ಕಿಂತ ಈ ವಿಲೇವಾರಿ ಹೆಚ್ಚುವುದೇ ನಿಜವಾದ ಪರಿಣಾಮ. ಈ ಗ್ರಾಹಕವನ್ನು ಕಂಡುಹಿಡಿದವರು ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್. ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹುಟ್ಟಿನಿಂದಲೇ ಎರಡೂ ಜೀನ್‌ಗಳು ಕೆಟ್ಟು ಈ ಗ್ರಾಹಕವೇ ಕೆಲಸ ಮಾಡದ ಮಕ್ಕಳಿಗೆ, ಬೀಡಿ–ಸಿಗರೇಟು, ರಕ್ತದೊತ್ತಡ ಯಾವುದೂ ಇಲ್ಲದೆಯೂ ಬಾಲ್ಯದಲ್ಲಿಯೇ ಹೃದಯಾಘಾತವಾಗಬಹುದು. ಕೊಲೆಸ್ಟ್ರಾಲ್ ಬರೀ ಕಟ್ಟುಕಥೆ ಎನ್ನುವ ಗೆಳೆಯರಿಗೆ ನಿಮ್ಮ ತಂದೆಯವರು ಈ ಒಂದು ಸಂಗತಿಯನ್ನು ಹೇಳಿದರೆ ಸಾಕು. ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ಅವುಗಳ ರಕ್ತನಾಳದಲ್ಲಿ ಇದೇ ರೋಗವನ್ನು ರಷ್ಯಾದ ನಿಕೊಲಾಯ್ ಅನಿಚ್ಕೋವ್ ತೋರಿಸಿದ್ದು 1913ರಲ್ಲಿ. ಆಗ ಮಾರುವುದಕ್ಕೆ ಯಾವ ಕಂಪನಿಯ ಬಳಿಯೂ ಸ್ಟ್ಯಾಟಿನ್ ಇರಲಿಲ್ಲ.

ಮೊದಲ ಸ್ಟ್ಯಾಟಿನ್ ಸಿಕ್ಕಿದ್ದು ಬೂಷ್ಟಿನಲ್ಲಿ. ಜಪಾನಿನ ಅಕಿರಾ ಎಂಡೊ ಆರು ಸಾವಿರಕ್ಕೂ ಹೆಚ್ಚು ಶಿಲೀಂಧ್ರಗಳನ್ನು ಜಾಲಾಡಿ, 1973ರಲ್ಲಿ ಪೆನಿಸಿಲಿಯಂ ಜಾತಿಯ ಒಂದು ಬೂಷ್ಟಿನಿಂದ ಕಾಂಪ್ಯಾಕ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ಮಾರುಕಟ್ಟೆಗೆ ಬರಲಿಲ್ಲ. ಅದರ ಸೋದರಸಂಬಂಧಿಯಾದ ಲೋವಾಸ್ಟ್ಯಾಟಿನ್‌ಗೆ 1987ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮಾತ್ರೆಯಿಂದ ಸಂಖ್ಯೆ ಇಳಿಯುವುದೇನೋ ಸರಿ, ಜೀವ ಉಳಿಯುತ್ತದೆಯೇ ಎಂಬ ಸಂಶಯ ಆಗಲೂ ಇತ್ತು, ಮತ್ತು ಅದು ನ್ಯಾಯವಾದ ಸಂಶಯವೇ. ಅದಕ್ಕೆ ಉತ್ತರ ಬಂದದ್ದು 1994ರಲ್ಲಿ. ಉತ್ತರ ಯೂರೋಪಿನ ದೇಶಗಳಲ್ಲಿ ಹೃದ್ರೋಗವಿದ್ದ 4,444 ಜನರ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ನಡೆದ ಅಧ್ಯಯನದಲ್ಲಿ, ಔಷಧವಿಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ ಶೇಕಡ 12ರಷ್ಟು ಮಂದಿ ತೀರಿಕೊಂಡರೆ, ಸಿಂವಾಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ತೀರಿಕೊಂಡವರು ಶೇಕಡ 8ರಷ್ಟು.

ಈಗ ನಿಮ್ಮ ತಂದೆಯವರ 71ಕ್ಕೆ ಬರೋಣ. ಸ್ಟ್ಯಾಟಿನ್ ಪ್ರಮಾಣವನ್ನು ದುಪ್ಪಟ್ಟು ಮಾಡಿದರೆ ಎಲ್‌ಡಿಎಲ್ ಇನ್ನು ಶೇಕಡ 6ರಷ್ಟು ಮಾತ್ರ ಇಳಿಯುತ್ತದೆ ಎಂಬುದು ನಮ್ಮ ಕ್ಷೇತ್ರದ ಹಳೆಯ ಲೆಕ್ಕ. 40 ಅನ್ನು 80 ಮಾಡಿದರೂ 55 ಮುಟ್ಟುವುದು ಅನುಮಾನ, ಅಡ್ಡಪರಿಣಾಮದ ಸಾಧ್ಯತೆ ಮಾತ್ರ ಹೆಚ್ಚುತ್ತದೆ. ಎಝೆಟಿಮೈಬ್ ಬೇರೆಯೇ ಬಾಗಿಲಲ್ಲಿ ನಿಲ್ಲುತ್ತದೆ: ಸಣ್ಣ ಕರುಳಿನ ಗೋಡೆಯಲ್ಲಿ ಕೊಲೆಸ್ಟ್ರಾಲನ್ನು ಒಳಗೆ ಬಿಟ್ಟುಕೊಳ್ಳುವ ಪ್ರೋಟೀನನ್ನು ಅದು ತಡೆಯುತ್ತದೆ. ಸಸ್ಯಾಹಾರಿಗಳಿಗೆ ಇದರಿಂದ ಏನು ಪ್ರಯೋಜನ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಕರುಳಿಗೆ ಬರುವ ಕೊಲೆಸ್ಟ್ರಾಲಿನಲ್ಲಿ ಹೆಚ್ಚಿನ ಭಾಗ ಊಟದಿಂದಲ್ಲ, ನಮ್ಮದೇ ಪಿತ್ತರಸದಿಂದ ಬರುವಂಥದು. ಆದ್ದರಿಂದ ಸಸ್ಯಾಹಾರಿಗೂ ಅದು ಅಷ್ಟೇ ಉಪಯುಕ್ತ. ಸ್ಟ್ಯಾಟಿನ್ ಜೊತೆಗೆ ಸೇರಿಸಿದಾಗ ಎಲ್‌ಡಿಎಲ್ ಸಾಮಾನ್ಯವಾಗಿ ಇನ್ನೂ ಐದನೇ ಒಂದು ಭಾಗದಷ್ಟು ಇಳಿಯುತ್ತದೆ. 71 ಎಂಬುದು ಹತ್ತಿರ ಹತ್ತಿರ 57 ಆಗುತ್ತದೆ.

ಇಷ್ಟು ಸಣ್ಣ ಇಳಿಕೆಗೆ ಬೆಲೆಯಿದೆಯೇ? ಕಾಕತಾಳೀಯವೆಂಬಂತೆ, 2015ರಲ್ಲಿ ಪ್ರಕಟವಾದ ಇಂಪ್ರೂವ್-ಇಟ್ ಎಂಬ ಅಧ್ಯಯನ ಹೆಚ್ಚುಕಡಿಮೆ ಇದೇ ಸಂಖ್ಯೆಗಳನ್ನು ಪರೀಕ್ಷಿಸಿದೆ. ಹೃದಯಾಘಾತ ಅಥವಾ ಅದರ ಹೊಸ್ತಿಲಿಗೆ ಬಂದಿದ್ದ 18,144 ಜನರಲ್ಲಿ ಸ್ಟ್ಯಾಟಿನ್ ಒಂದನ್ನೇ ತೆಗೆದುಕೊಂಡವರ ಎಲ್‌ಡಿಎಲ್ ಸರಾಸರಿ 70ರ ಆಸುಪಾಸಿನಲ್ಲಿತ್ತು, ಎಝೆಟಿಮೈಬ್ ಸೇರಿಸಿದವರದು 54ರ ಆಸುಪಾಸಿನಲ್ಲಿ. ಏಳು ವರ್ಷಗಳ ಲೆಕ್ಕದಲ್ಲಿ ಸಾವು, ಹೃದಯಾಘಾತ, ಪಾರ್ಶ್ವವಾಯು ಮುಂತಾದ ಘಟನೆಗಳು ಮೊದಲ ಗುಂಪಿನಲ್ಲಿ ಶೇಕಡ 34.7, ಎರಡನೆಯದರಲ್ಲಿ ಶೇಕಡ 32.7. ನೂರು ಜನರಲ್ಲಿ ಇಬ್ಬರಿಗೆ ಲಾಭ. ಇದನ್ನು ಪವಾಡವೆಂದು ನಾನು ಹೇಳಲಾರೆ. ಆದರೆ ಆ ಮಾತ್ರೆಯಿಂದ ಆಗುವ ತೊಂದರೆ ತೀರಾ ಕಡಿಮೆ ಇರುವಾಗ, ಸ್ಟೆಂಟ್ ಹಾಕಿಸಿಕೊಂಡ 62 ವರ್ಷದವರಿಗೆ ಅದನ್ನು ಸೇರಿಸಿದ ನಿಮ್ಮ ವೈದ್ಯರ ತೀರ್ಮಾನ ನನಗೆ ಸರಿಯೆನಿಸುತ್ತದೆ.

ಕಟ್ಟಿಕೊಂಡದ್ದು ಕರಗುತ್ತದೆಯೇ ಎಂದು ಕೇಳಿದ್ದೀರಿ. ಎಲ್‌ಡಿಎಲ್ ಬಹಳ ಕೆಳಗಿಳಿದಾಗ ಪ್ಲಾಕ್ ಸ್ವಲ್ಪ ಕುಗ್ಗುವುದನ್ನು ರಕ್ತನಾಳದೊಳಗೆ ಅಲ್ಟ್ರಾಸೌಂಡ್ ಇಳಿಸಿ ಅಳೆದಿದ್ದಾರೆ, ಆದರೆ ಆ ಕುಗ್ಗುವಿಕೆ ಅಲ್ಪ. ಅದಕ್ಕಿಂತ ಮುಖ್ಯವಾದದ್ದು ಪ್ಲಾಕಿನ ಸ್ವಭಾವ ಬದಲಾಗುವುದು: ಮೆತ್ತನೆಯ ತಿರುಳು ಕಡಿಮೆಯಾಗಿ, ಉರಿಯೂತ ತಗ್ಗಿ, ನಾರಿನ ಮುಚ್ಚಳ ದಪ್ಪವಾಗಿ, ಕೆಲವೆಡೆ ಸುಣ್ಣದಂಶ ಸೇರಿ ಅದು ಗಟ್ಟಿಯಾಗುತ್ತದೆ. ಹೃದಯದ ರಕ್ತನಾಳಗಳಲ್ಲಿರುವ ಸುಣ್ಣದಂಶವನ್ನು ಸ್ಕ್ಯಾನ್‌ನಲ್ಲಿ ಅಳೆಯುವ ಕ್ಯಾಲ್ಸಿಯಂ ಸ್ಕೋರ್ ಸ್ಟ್ಯಾಟಿನ್ ತೆಗೆದುಕೊಳ್ಳುವವರಲ್ಲಿ ಏರುವುದಕ್ಕೂ ಇದೇ ಕಾರಣ. ಹಾಗಾಗಿ ಮಾತ್ರೆ ನುಂಗುತ್ತಲೇ ಆ ಪರೀಕ್ಷೆಯನ್ನು ಪದೇಪದೇ ಮಾಡಿಸಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ.

ಎರಡು ಮಾತ್ರೆಗೂ ಜಗ್ಗದವರಿಗೆ ಚುಚ್ಚುಮದ್ದುಗಳಿವೆ. ಎಲ್‌ಡಿಎಲ್ ಗ್ರಾಹಕಗಳನ್ನು ನಾಶಪಡಿಸುವ ಪಿಸಿಎಸ್‌ಕೆ9 ಎಂಬ ಪ್ರೋಟೀನನ್ನು ಅವು ಕಟ್ಟಿಹಾಕುತ್ತವೆ, ಅಥವಾ ಇನ್‌ಕ್ಲಿಸಿರಾನ್‌ನಂತೆ ಅದರ ಉತ್ಪಾದನೆಯನ್ನೇ ನಿಲ್ಲಿಸುತ್ತವೆ. ಎರಡನೆಯದನ್ನು ಆರಂಭದ ಡೋಸುಗಳ ನಂತರ ವರ್ಷಕ್ಕೆರಡು ಬಾರಿ ಕೊಟ್ಟರೆ ಸಾಕು. ಬೆಲೆ ಮಾತ್ರ ಮಧ್ಯಮವರ್ಗದ ಕೈಗೆ ಎಟುಕುವಂತಿಲ್ಲ. ನಿಮ್ಮ ತಂದೆಯವರಿಗೆ ಸದ್ಯಕ್ಕೆ ಅದರ ಅಗತ್ಯವೂ ಕಾಣುವುದಿಲ್ಲ.

ಮಲ್ಲೇಶ್ವರದ ಓದುಗ

ಇಬ್ಬರಿಗೂ ಅನಂತ ಧನ್ಯವಾದಗಳು. ತಂದೆಯವರು ಪೂರ್ತಿ ಕೇಳಿಸಿಕೊಂಡರು. ಆದರೆ ಈಗ ಹೊಸ ಆಕ್ಷೇಪ ಎತ್ತಿದ್ದಾರೆ. ಮಾತ್ರೆ ಶುರುವಾದಾಗಿನಿಂದ ಬಲಗಾಲಿನ ಮೀನಖಂಡದಲ್ಲಿ ನೋವು ಬರುತ್ತಿದೆಯಂತೆ, ಅದೂ ಕೆರೆಯ ಅರ್ಧ ಸುತ್ತು ಬಂದ ಮೇಲೆ. ಗಾಣದ ಎಣ್ಣೆಯ ವಿಷಯಕ್ಕೂ ಯಾರೂ ಉತ್ತರಿಸಿಲ್ಲ ಎಂದು ನೆನಪಿಸಲು ಹೇಳಿದ್ದಾರೆ.

ಬಸವನಗುಡಿಯ ಔಷಧ ವ್ಯಾಪಾರಿ

ನೋವಿನ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ಸ್ಟ್ಯಾಟಿನ್‌ನಿಂದ ಬರುವ ಸ್ನಾಯುನೋವು ಸಾಮಾನ್ಯವಾಗಿ ಎರಡೂ ಕಡೆ, ತೊಡೆ, ಸೊಂಟ, ಭುಜದಂಥ ದೊಡ್ಡ ಸ್ನಾಯುಗಳಲ್ಲಿ ಇರುತ್ತದೆ. ಒಂದೇ ಕಾಲಿನ ಮೀನಖಂಡ ನಡೆದಾಗ ನೋಯುವುದು, ನಿಂತರೆ ಕಡಿಮೆಯಾಗುವುದು ಎಂದಾದರೆ, ಆ ಕಾಲಿನ ಅಪಧಮನಿಯಲ್ಲಿಯೂ ಪ್ಲಾಕ್ ಇದ್ದು ರಕ್ತ ಸಾಲದೆ ಹೋಗುತ್ತಿರುವ ಸಾಧ್ಯತೆ ಇದೆ. ಅದು ಮಾತ್ರೆ ಬಿಡಲು ಕಾರಣವಲ್ಲ, ಬಿಡದಿರಲು ಕಾರಣ. ಕಣಕಾಲು ಮತ್ತು ತೋಳಿನ ರಕ್ತದೊತ್ತಡವನ್ನು ಹೋಲಿಸುವ ಒಂದು ಸರಳ ಪರೀಕ್ಷೆಯಿದೆ. ವೈದ್ಯರಿಗೆ ಈ ವಾರವೇ ತಿಳಿಸಿ.

ಒಂದು ವೇಳೆ ಸ್ನಾಯುನೋವೇ ಆಗಿದ್ದರೂ ಸ್ವಂತ ನಿರ್ಧಾರದಿಂದ ಬಿಡಬಾರದು. ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತೊಂದರೆಯಾಗಿ ಸ್ಟ್ಯಾಟಿನ್ ಬಿಟ್ಟಿದ್ದವರಿಗೆ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಔಷಧವಿಲ್ಲದ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ ಎಂಬಂತೆ ಅದಲುಬದಲು ಮಾಡಿ ನೋಡಿದರು. ಸ್ಟ್ಯಾಟಿನ್ ತಿಂಗಳುಗಳಲ್ಲಿ ಕಂಡ ತೊಂದರೆಯ ಶೇಕಡ 90ರಷ್ಟು ಔಷಧವಿಲ್ಲದ ಮಾತ್ರೆಯ ತಿಂಗಳುಗಳಲ್ಲೂ ಕಂಡಿತು. ನೋವು ಸುಳ್ಳೆಂದು ಇದರ ಅರ್ಥವಲ್ಲ. ನಿಜವಾಗಿ ಸ್ನಾಯುವಿಗೆ ಪೆಟ್ಟಾಗುವುದು ಬಹಳ ವಿರಳವಾದರೂ ಉಂಟು. ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಥೈರಾಯ್ಡ್ ಕೊರತೆಯಿದ್ದರೆ ಎಲ್‌ಡಿಎಲ್ ಏರುವುದೂ ಸ್ನಾಯು ನೋಯುವುದೂ ಎರಡೂ ಆಗುವುದರಿಂದ, ಟಿಎಸ್‌ಎಚ್ ಪರೀಕ್ಷೆ ಆಗಿದೆಯೇ ನೋಡಿ. ರಕ್ತದ ಸಕ್ಕರೆ ತುಸು ಏರುವುದೂ ನಿಜ, ಆದರೆ ನಿಮ್ಮ ತಂದೆಯವರಂಥವರಲ್ಲಿ ಲಾಭವೇ ದೊಡ್ಡದು.

ನನ್ನ ಅಂಗಡಿಯಲ್ಲಿ ಯಾರೂ ಕೇಳದ, ಆದರೆ ಕೇಳಬೇಕಾದ ಒಂದು ವಿಷಯವಿದೆ. ದೇವನಹಳ್ಳಿಯ ಚಕ್ಕೋತ ನಮಗೆಲ್ಲ ಪ್ರಿಯವಾದ ಹಣ್ಣು. ಅದರಲ್ಲಿಯೂ ಅದರ ಬಂಧುವಾದ ಗ್ರೇಪ್‌ಫ್ರೂಟ್‌ನಲ್ಲಿಯೂ ಇರುವ ಕೆಲವು ವಸ್ತುಗಳು, ಅಟೋರ್ವಾಸ್ಟ್ಯಾಟಿನ್ ಮತ್ತು ಸಿಂವಾಸ್ಟ್ಯಾಟಿನ್ ಅನ್ನು ವಿಲೇವಾರಿ ಮಾಡುವ ಕಿಣ್ವವನ್ನು ತಡೆದು, ರಕ್ತದಲ್ಲಿ ಔಷಧದ ಪ್ರಮಾಣವನ್ನು ಏರಿಸಬಲ್ಲವು. ಅಪರೂಪಕ್ಕೊಂದು ತೊಳೆ ತಿಂದರೆ ಆಕಾಶ ಬೀಳುವುದಿಲ್ಲ. ದಿನವೂ ಹೋಳುಗಟ್ಟಲೆ ತಿನ್ನುವ ಅಭ್ಯಾಸವಿದ್ದರೆ ವೈದ್ಯರಿಗೆ ಹೇಳಿ. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಬರೆದುಕೊಟ್ಟಾಗಲೂ ಅಷ್ಟೆ.

ಗಾಣದ ಎಣ್ಣೆಯ ಬಗ್ಗೆ ಹೇಳುವುದಾದರೆ, ಕಡಲೆಕಾಯಿ ಎಣ್ಣೆಯನ್ನು ಗಾಣದಲ್ಲಿ ತೆಗೆದರೂ ಕಾರ್ಖಾನೆಯಲ್ಲಿ ತೆಗೆದರೂ ಅದರ ಕೊಬ್ಬಿನಾಮ್ಲಗಳು ಹೆಚ್ಚುಕಡಿಮೆ ಒಂದೇ. ರುಚಿ, ಪರಿಮಳ ಬೇರೆ, ಅದಕ್ಕಾಗಿ ಕೊಳ್ಳುವುದಾದರೆ ಧಾರಾಳವಾಗಿ ಕೊಳ್ಳಲಿ. ಡಬ್ಬಿಯ ಮೇಲೆ ಕೊಲೆಸ್ಟ್ರಾಲ್ ಇಲ್ಲ ಎಂದು ಬರೆದಿರುವುದಕ್ಕೆ ಮರುಳಾಗಬೇಕಿಲ್ಲ. ಯಾವ ಸಸ್ಯದ ಎಣ್ಣೆಯಲ್ಲಿಯೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಎಲ್‌ಡಿಎಲ್ ಏರಿಸುವುದು ಬೆಣ್ಣೆ, ತುಪ್ಪ, ತೆಂಗಿನೆಣ್ಣೆ, ವನಸ್ಪತಿಗಳಲ್ಲಿ ಹೇರಳವಾಗಿರುವ ಸ್ಯಾಚುರೇಟೆಡ್ ಕೊಬ್ಬು, ಏಕೆಂದರೆ ಅದು ಯಕೃತ್ತಿನ ಗ್ರಾಹಕಗಳನ್ನು ಕಡಿಮೆ ಮಾಡುತ್ತದೆ. ವಾಯುವಿಹಾರ ಮುಗಿಸಿ ನೇರ ಬೆಣ್ಣೆ ದೋಸೆಗೆ ಹೋಗುವ ಬಳಗಗಳು ಮಲ್ಲೇಶ್ವರದಲ್ಲಿ ಕಡಿಮೆಯೇನಿಲ್ಲ. ಊಟ ತಿದ್ದಿಕೊಳ್ಳುವುದು ಅಗತ್ಯ, ಆದರೆ ಅದೊಂದರಿಂದಲೇ 148 ಅನ್ನು 55ಕ್ಕೆ ಇಳಿಸಲಾಗದು. ಖರ್ಚಿನ ಚಿಂತೆಯಿದ್ದರೆ ಜನೌಷಧಿ ಕೇಂದ್ರಗಳಲ್ಲಿ ಅಟೋರ್ವಾಸ್ಟ್ಯಾಟಿನ್ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ. ನಾನು ವ್ಯಾಪಾರಿಯಾಗಿದ್ದೂ ಇದನ್ನು ಹೇಳುತ್ತಿದ್ದೇನೆ.

ಮಲ್ಲೇಶ್ವರದ ಓದುಗ

ನಾಳೆಗೇ ವೈದ್ಯರ ಸಮಯ ಕೇಳಿ ಪಡೆದಿದ್ದೇನೆ. ಕೊನೆಯದಾಗಿ ನನ್ನದೊಂದು ಪ್ರಶ್ನೆ: ನನಗೆ 34, ಸಕ್ಕರೆ, ಒತ್ತಡ ಏನೂ ಇಲ್ಲ. ತಂದೆಯವರಿಗೆ ಹೀಗಾಗಿರುವುದರಿಂದ ನಾನೂ ಏನಾದರೂ ಪರೀಕ್ಷೆ ಮಾಡಿಸಬೇಕೇ?

ಜಯನಗರದ ಒಬ್ಬ ವೈದ್ಯ

ಮಾಡಿಸಿ. ರಕ್ತದ ಕೊಬ್ಬುಗಳನ್ನು ಅಳೆಯುವ ಲಿಪಿಡ್ ಪ್ರೊಫೈಲ್ ಪರೀಕ್ಷೆಗೆ ಈಗ ಉಪವಾಸ ಕಡ್ಡಾಯವಲ್ಲ. ಅದರಲ್ಲಿ ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಬಗೆಯ ಕೊಬ್ಬು ಬಹಳ ಹೆಚ್ಚು ಬಂದರೆ ಮಾತ್ರ ಉಪವಾಸದಲ್ಲಿ ಮತ್ತೊಮ್ಮೆ ಮಾಡಿಸಬೇಕಾಗುತ್ತದೆ, ಏಕೆಂದರೆ ಅನೇಕ ಲ್ಯಾಬುಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯದೆ ಸೂತ್ರದಿಂದ ಲೆಕ್ಕ ಹಾಕುತ್ತವೆ ಮತ್ತು ಟ್ರೈಗ್ಲಿಸರೈಡ್ 400 ದಾಟಿದರೆ ಆ ಸೂತ್ರ ನಿಲ್ಲುವುದಿಲ್ಲ. ತಂದೆಯವರಿಗೂ ಹೊಸ ಮಾತ್ರೆ ಆರಂಭಿಸಿದ ನಾಲ್ಕರಿಂದ ಹನ್ನೆರಡು ವಾರದೊಳಗೆ ಪರೀಕ್ಷೆ ಮತ್ತೆ ಆಗಬೇಕು.

ಇದರ ಜೊತೆಗೆ ನೀವು ಲೈಪೊಪ್ರೋಟೀನ್-ಎ ಎಂಬುದನ್ನು ಒಮ್ಮೆ ಅಳೆಸಿಕೊಳ್ಳಿ. ಅದು ಎಲ್‌ಡಿಎಲ್‌ನಂಥದೇ ಇನ್ನೊಂದು ಕಣ, ಬಹುಪಾಲು ವಂಶವಾಹಿಯಿಂದ ನಿರ್ಧಾರವಾಗುವಂಥದು. ಊಟ, ವ್ಯಾಯಾಮಗಳಿಂದ ಅದು ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಜೀವಮಾನದಲ್ಲಿ ಒಮ್ಮೆ ಅಳೆದರೆ ಸಾಮಾನ್ಯವಾಗಿ ಸಾಕು. ಸ್ಟ್ಯಾಟಿನ್‌ನಿಂದ ಅದು ಇಳಿಯದು. ಹೆಚ್ಚಿರುವವರು ಉಳಿದ ಅಪಾಯಗಳನ್ನು, ಅಂದರೆ ಎಲ್‌ಡಿಎಲ್, ಒತ್ತಡ ಮತ್ತು ಧೂಮಪಾನವನ್ನು, ಇತರರಿಗಿಂತ ಬಿಗಿಯಾಗಿ ಹಿಡಿದುಕೊಳ್ಳಬೇಕು. ವರದಿ ಕೈಗೆ ಬಂದಾಗ ಏಕಮಾನವನ್ನು ಗಮನಿಸಿ: ಕೆಲವು ಲ್ಯಾಬುಗಳು ಅದನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಕೊಡುತ್ತವೆ, ಆಗ 50 ಮೀರಿದರೆ ಹೆಚ್ಚು, ಇನ್ನು ಕೆಲವು ಲೀಟರಿಗೆ ಇಷ್ಟು ನ್ಯಾನೋಮೋಲ್ ಎಂದು ಕೊಡುತ್ತವೆ, ಅಲ್ಲಿ ಮಿತಿ 125.